ಕೆಂಪು ದಾರ, ಐದು ಹೆಣಿಕೆ

ಸೋಮವಾರ, ಮಧ್ಯಾಹ್ನ
ಅಡುಗೆಮನೆಯ ಮೇಜಿನಿಂದ

ಕೆಂಪಕ್ಕಾ,

ಹಗ್ಗದ ಕಾರ್ಖಾನೆಯವರು ನಮಗೆ ಕೊಡುತ್ತೇವೆ ಅಂದದ್ದು ಇಷ್ಟು. ಬೆನ್ನು ಆನಿಸಲು ಹಿಂಬದಿಯಿರುವ ಕುರ್ಚಿ. ಎರಡೂ ಕೈಗೆ ಚರ್ಮದ ಬೆರಳುಚೀಲ. ಕಿಟಕಿ ತೆರೆಯುವ ಹಕ್ಕು. ಹಾಲು ಕುಡಿಯುವ ಮಕ್ಕಳನ್ನು ಮಲಗಿಸಲು ಕಾರ್ಖಾನೆಯೊಳಗೇ ಒಂದು ಕೋಣೆ. ಸೆಣಬಿನ ಹಗ್ಗಕ್ಕೆ ಮೂರು ಹೆಣಿಕೆ ಸಾಕಾದರೆ ಪಾಲಿಯೆಸ್ಟರ್ ಹಗ್ಗಕ್ಕೆ ಐದು ಬೇಕು, ಆ ಎರಡು ಹೆಚ್ಚಿನ ಹೆಣಿಕೆಗೆ ತಕ್ಕ ಸಮಯ. ವರ್ಷಕ್ಕೊಮ್ಮೆ, ಗಾಳಿ ಚೆನ್ನಾಗಿರುವ ಒಂದು ದಿನ, ಹಗ್ಗ ಹೆಣೆದ ಹೆಂಗಸರನ್ನೆಲ್ಲ ಹಾಯಿದೋಣಿಯಲ್ಲಿ ಕೂರಿಸಿ ನೀರಿನ ಮೇಲೆ ಒಂದು ಸುತ್ತು.

ಕೊಟ್ಟದ್ದು ಬೆರಳುಚೀಲ. ಅದೂ ಎಡಗೈಗೆ ಮಾತ್ರ.

ಇನ್ನು ನಾನು ನಿನಗೆ ಕೊಡುತ್ತೇನೆ ಅಂದದ್ದು ಒಂದೇ ಒಂದು ಕಾಗದ. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡಾಗ, ಯಾರಿಂದಲೋ ವಿಷಯ ತಿಳಿದು ನೀನು ನಾಲ್ಕು ಸಾಲು ಬರೆದಿದ್ದೆ. ಊಟ ಬಿಡಬೇಡ, ಮಗಳನ್ನು ಓದಿಸು, ಬೆರಳಿಗೆ ಎಣ್ಣೆ ಹಚ್ಚಿಕೋ, ಬಿಡುವಾದಾಗ ಬರಿ ಅಂತ. ನಾನು ಒಂದು ಕಾರ್ಡಿನಲ್ಲಿ ‘ಮುಂದಿನ ತಿಂಗಳು ವಿವರವಾಗಿ ಬರೀತೀನಿ ಅಕ್ಕಾ’ ಅಂತ ಗೀಚಿ ಅಂಚೆ ಡಬ್ಬಿಗೆ ಹಾಕಿದೆ. ಆ ಮುಂದಿನ ತಿಂಗಳು ಇವತ್ತು ಬಂದಿದೆ. ಮಾಲೀಕನನ್ನು ಬೈದ ಬಾಯಿಂದಲೇ ನನ್ನನ್ನೂ ಬೈದುಕೊಂಡು ಈ ಕಾಗದ ಶುರು ಮಾಡಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು ಅಂತ ಬರೆಯುವುದು ಸುಲಭ. ಕ್ಷಮೆ ಕೇಳಬೇಕಾದ ವಿಷಯ ಅದಕ್ಕಿಂತ ದೊಡ್ಡದಿದೆ. ಅಲ್ಲಿಗೆ ಬರಲು ನನಗೆ ಇನ್ನೂ ನಾಲ್ಕಾರು ಹಾಳೆ ಧೈರ್ಯ ಬೇಕು, ತಡಕೋ.

ನೀನು ಹೇಗಿದ್ದೀಯ? ಮಂಡಿ ಮಾತು ಕೇಳುತ್ತದಾ? ನನ್ನ ಮಂಡಿ ಪರವಾಗಿಲ್ಲ, ಬೆರಳುಗಳು ಮಾತ್ರ ಮುಷ್ಕರ ಹೂಡಿವೆ. ಬಲಗೈಯ ನಡುಬೆರಳು ಬೆಳಿಗ್ಗೆ ಒಂಬತ್ತರವರೆಗೆ ಮಡಚುವುದಿಲ್ಲ, ಯಾವ ಸಂಧಾನಕ್ಕೂ ಬಗ್ಗುವುದಿಲ್ಲ. ಡಾಕ್ಟರು ಏನು ಕೆಲಸ ಮಾಡುತ್ತಿದ್ದಿರಿ ಅಂತ ಕೇಳಿದರು. ಹಗ್ಗದ ತುದಿಗೆ ಕಣ್ಣು ಹೆಣೆಯುತ್ತಿದ್ದೆ ಅಂದೆ. ಹಗ್ಗಕ್ಕೆ ಕಣ್ಣು ಇರುತ್ತಾ ಅಂದರು. ಅಷ್ಟು ಓದಿದವರಿಗೆ ಅದು ಗೊತ್ತಿಲ್ಲ ನೋಡು. ಹಗ್ಗದ ತುದಿಯನ್ನು ಬಳಸಿ ತಂದು, ಮೂರೂ ಎಳೆ ಬಿಡಿಸಿ, ಅದೇ ಹಗ್ಗದ ಮೈಯೊಳಗೆ ಒಂದೊಂದೇ ಎಳೆಯನ್ನು ನುಸುಳಿಸಿ ಹೆಣೆದರೆ ಆಗುವ ಕುಣಿಕೆಗೆ ಕಣ್ಣು ಅನ್ನುತ್ತಾರೆ ಸ್ವಾಮಿ, ಮೂರೂ ಎಳೆ ಒಂದು ಸುತ್ತು ನುಸುಳಿದರೆ ಒಂದು ಹೆಣಿಕೆ, ಅದಕ್ಕೆ ಕೊಂಡಿ ಸಿಕ್ಕಿಸಿ ಹಾಯಿಯನ್ನು ಮೇಲಕ್ಕೆ ಎಳೆಯುತ್ತಾರೆ, ಅಂತ ಅವರ ಕುತ್ತಿಗೆಯಲ್ಲಿದ್ದ ಸ್ಟೆತಾಸ್ಕೋಪಿನ ಕೊಳವೆಯನ್ನೇ ಹಿಡಿದು ತೋರಿಸಿದೆ. ಹೊರಗೆ ಕೂತವರೆಲ್ಲ ಬಗ್ಗಿ ನೋಡುತ್ತಿದ್ದರು.

ನಮ್ಮ ಕಾರ್ಖಾನೆ ಈಗ ಪಾರ್ಸಲ್ ಗೋದಾಮು. ಹೆಣಿಗೆ ಕೋಣೆಯ ಗೋಡೆ ಒಡೆದು ಉದ್ದಕ್ಕೆ ಪಟ್ಟಿ ಹಾಕಿದ್ದಾರೆ, ಅದರ ಮೇಲೆ ಪೆಟ್ಟಿಗೆಗಳು ಓಡುತ್ತವೆ. ಗಡಿಯಾರ ಮೇಸ್ತ್ರಿ ನೆನಪಿದೆ ತಾನೇ? ಕೈಯಲ್ಲಿ ಗಡಿಯಾರ ಹಿಡಿದು ನಮ್ಮ ಬೆನ್ನ ಹಿಂದೆ ನಿಲ್ಲುತ್ತಿದ್ದವನು. ಈಗ ಅವನ ಅಗತ್ಯವಿಲ್ಲ. ಅಲ್ಲಿನ ಹುಡುಗಿಯರ ಮಣಿಕಟ್ಟಿಗೇ ಗಡಿಯಾರ ಬಿಗಿದಿದ್ದಾರೆ, ನಿಧಾನವಾದರೆ ಅದೇ ಚುಚ್ಚಿ ಎಬ್ಬಿಸುತ್ತದಂತೆ. ಗೇಟಿನ ಹತ್ತಿರ ಒಬ್ಬಳನ್ನು ಮಾತಾಡಿಸಿದೆ. ಮಗು ಇದೆಯಾ ಅಂದೆ. ಇದೆ ಅಂದಳು. ಯಾರ ಹತ್ತಿರ ಬಿಟ್ಟು ಬರ್ತೀಯ ಅಂದೆ. ಪಕ್ಕದ ಮನೆಯವರ ಹತ್ತಿರ ಅಂದಳು. ಗೋಡೆ ಒಡೆದಿದ್ದಾರೆ, ಯಂತ್ರ ಬದಲಾಗಿದೆ, ಬೋರ್ಡು ಬದಲಾಗಿದೆ. ಆ ಒಂದು ಕೋಣೆ ಮಾತ್ರ ಇನ್ನೂ ಕಟ್ಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಬೆಸುಗೆ ಕೆಲಸ ಮಾಡುತ್ತಾಳೆ. ನೀನು ನೋಡಿದಾಗ ಹತ್ತು ತಿಂಗಳ ಕೂಸು, ನಿನ್ನ ಸೆರಗು ಚೀಪುತ್ತಿದ್ದಳು. ಈಗ ದೋಣಿ ರಿಪೇರಿ ಅಂಗಳದಲ್ಲಿ ಕಬ್ಬಿಣ ಬೆಸೆಯುತ್ತಾಳೆ. ನನ್ನ ಹಾಗೆ ಬಾಯಿ ಜೋರು, ನಿನ್ನ ಹಾಗೆ ಹಟ. ಅಂಗಳದ ಹಿಂದುಗಡೆ ಒಂದು ಉಕ್ಕಿನ ಹಾಯಿದೋಣಿ ಯಾರಿಗೂ ಬೇಡವಾಗಿ ತಾಡಪಾಲಿನ ಕೆಳಗೆ ಬಿದ್ದಿತ್ತು. ಎಲ್ಲಾದರೂ ತಗೊಂಡು ಹೋಗು, ಜಾಗ ಖಾಲಿಯಾದರೆ ಸಾಕು ಅಂದರಂತೆ. ನಾಲ್ಕು ವರ್ಷ ಭಾನುವಾರಗಳಲ್ಲಿ ಅದರ ತುಕ್ಕು ಕೆರೆದಳು, ತೂತು ಬೆಸೆದಳು, ಬಣ್ಣ ಹೊಡೆದಳು. ಗೆಳತಿಯೊಬ್ಬಳನ್ನು ಜೊತೆ ಮಾಡಿಕೊಂಡು ಮೂರು ತಿಂಗಳು ದಡ ಹಿಡಿದು ಊರೂರು ಸುತ್ತುತ್ತಾಳಂತೆ. ಪಂದ್ಯಕ್ಕಲ್ಲ, ಸುಮ್ಮನೆ ಪ್ರಯಾಣಕ್ಕೆ. ಹೋದ ವಾರ ಊಟಕ್ಕೆ ಕೂತಾಗ ಅಂದಳು, ‘ಅಮ್ಮ, ಎಲ್ಲಾ ಆಯ್ತು. ಏರುಹಗ್ಗ ಹಳೇದಾಗಿದೆ. ಅದನ್ನ ನೀನೇ ಆರಿಸಿಕೊಡು.’

ಏರುಹಗ್ಗ. ಹಾಯಿಯನ್ನು ಕಂಬದ ತುದಿಗೆ ಎಳೆದು ನಿಲ್ಲಿಸುವ ಹಗ್ಗ. ನೀನೂ ನಾನೂ ಎಷ್ಟು ಸಾವಿರ ಹೆಣೆದೆವೋ ದೇವರೇ ಬಲ್ಲ. ಆದರೆ ಅಕ್ಕಾ, ಅದು ಎಲ್ಲಿ ಹೋಗಿ ಸೇರುತ್ತದೆ ಅಂತ ಕಣ್ಣಾರೆ ನೋಡಿದ್ದು ನಾನು ಹೋದ ಮಂಗಳವಾರ. ಈ ವಯಸ್ಸಿಗೆ ಮೊದಲ ಸಲ ದೋಣಿ ಹತ್ತಿದೆ. ಚಪ್ಪಲಿ ಕೆಳಗೇ ಬಿಡು, ಬಣ್ಣ ಹೊಸದು ಅಂದಳು ಮಗಳು. ಬರಿಗಾಲಲ್ಲಿ ನಿಂತು ಕತ್ತೆತ್ತಿದೆ. ಹನ್ನೊಂದು ಮೀಟರ್ ಕಂಬ. ತುದಿಯಲ್ಲಿ ಒಂದು ಪುಟ್ಟ ರಾಟೆ. ಹಗ್ಗ ಹೊರಗಿನಿಂದ ಏರಿ, ಆ ರಾಟೆ ದಾಟಿ, ಟೊಳ್ಳು ಕಂಬದ ಒಳಗಿನಿಂದ ಇಳಿದು, ಬುಡದ ಕಿಂಡಿಯಿಂದ ಹೊರಬಂದು ಕೈಗೆ ಸಿಗುತ್ತದೆ. ನನಗೆ ಅಳು ಬಂತು. ಮಗಳಿಗೆ ಬಿಸಿಲು ಅಂತ ಹೇಳಿದೆ.

ದೋಣಿಯಲ್ಲಿ ಮೂರು ಏರುಹಗ್ಗ ಇದ್ದವು. ಹಗ್ಗವನ್ನು ಕಣ್ಣಿಂದ ನೋಡಬಾರದು, ಕಣ್ಣು ಮುಚ್ಚಿ ಅಂಗೈಯಲ್ಲಿ ಓದಬೇಕು ಅಂತ ನೀನು ಕಲಿಸಿದ್ದೆಯಲ್ಲ, ಹಾಗೇ ಓದಿದೆ. ಮುಂದಿನ ಹಾಯಿಯ ಹಗ್ಗ, ಮೇಲೆ ಸಿಪ್ಪೆ ಒಳಗೆ ತಿರುಳು ಇರುವ ಜಡೆಹಗ್ಗ, ರಾಟೆಯ ಮೇಲೆ ಕೂರುವ ಜಾಗದಲ್ಲಿ ಸಿಪ್ಪೆ ಸವೆದು ತಿರುಳು ಇಣುಕುತ್ತಿತ್ತು. ಹೆಚ್ಚುವರಿಯಾಗಿ ಇಟ್ಟ ಮೂರನೆಯದು ಬಿಸಿಲಿಗೆ ಸುಟ್ಟು ಹಪ್ಪಳವಾಗಿತ್ತು. ದೊಡ್ಡ ಹಾಯಿಯದು ಮಾತ್ರ ಹಳೇ ಕಾಲದ ಮೂರೆಳೆ ಹಗ್ಗ. ಬಿರುಸಾಗಿತ್ತು, ಬಣ್ಣ ಹೋಗಿತ್ತು, ಆದರೆ ಅದರ ಹುರಿ ಇನ್ನೂ ಬಿಟ್ಟಿರಲಿಲ್ಲ. ಹಿಡಿದ ಕೂಡಲೇ ಕೈ ಹೇಳಿತು, ಇದು ನಮ್ಮ ಕಾರ್ಖಾನೆಯದು ಅಂತ. ಆಗ ನಾನು ಬಾಯಿ ಬಿಡಲಿಲ್ಲ.

ಬುಧವಾರ ಹಗ್ಗದಂಗಡಿಗೆ ಹೋದೆವು. ನಮ್ಮ ಕಾಲದಲ್ಲಿ ಹಗ್ಗಕ್ಕೆ ಒಂದೇ ಬಣ್ಣ, ಈಗ ಗೋಡೆ ತುಂಬ ಮದುವೆ ಸೀರೆಯ ಹಾಗೆ ನೇತು ಹಾಕಿದ್ದಾರೆ. ಅಂಗಡಿಯವನು ನನ್ನನ್ನು ನೋಡಿ, ಬಟ್ಟೆ ಒಣಗಿಸೋ ಹಗ್ಗ ಎದುರಿನ ಅಂಗಡೀಲಿ ಸಿಗುತ್ತೆ ಆಂಟಿ ಅಂದ. ನಿನ್ನ ಹಗ್ಗ ಹೇಗಿದೆ ಅಂತ ನೋಡಿ ಆಮೇಲೆ ಅಲ್ಲಿಗೆ ಹೋಗ್ತೀವಿ ಕಣಪ್ಪ ಅಂದೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ಅವನು ಹೊಸ ನೂಲಿನ ಹಗ್ಗ ತೋರಿಸಿದ. ಕಿರುಬೆರಳಿಗಿಂತ ಸಪೂರ, ಉಕ್ಕಿಗಿಂತ ಗಟ್ಟಿ, ಒಂದು ಲಾರಿ ನೇತು ಹಾಕಬಹುದು ಅಂದ. ನಾವು ನೇತು ಹಾಕೋದು ಹಾಯಿ, ಲಾರಿಗೆ ಇನ್ನೊಂದು ಸಲ ಬರ್ತೀವಿ ಅಂದೆ. ಆದರೂ ಸುಳ್ಳು ಹೇಳಬಾರದು, ಆ ಹಗ್ಗ ಹಿಗ್ಗುವುದೇ ಇಲ್ಲ. ಏರುಹಗ್ಗಕ್ಕೆ ಅದೇ ಮುಖ್ಯ ತಾನೇ? ಗಾಳಿ ಒತ್ತಿದಾಗ ಹಗ್ಗ ಹಿಗ್ಗಿದರೆ ಹಾಯಿ ಸಡಿಲವಾಗಿ ಹೊಟ್ಟೆ ಬಿಡುತ್ತದೆ, ದೋಣಿ ಗಾಳಿಯ ಕಡೆ ಮುಖ ಮಾಡದೆ ಪಕ್ಕಕ್ಕೆ ಜಾರುತ್ತದೆ. ನೈಲಾನು ರಬ್ಬರಿನ ಹಾಗೆ, ಲಂಗರಿಗೆ ಸರಿ, ಇಲ್ಲಿಗೆ ಬೇಡ. ಪಾಲಿಯೆಸ್ಟರು ಸ್ವಲ್ಪ ಹಿಗ್ಗುತ್ತದೆ. ಮಗಳು ಮೂರಕ್ಕೂ ಹೊಸ ನೂಲೇ ಇರಲಿ ಅಂತ ಕೂತಳು. ನಾನು ಬೇಡ ಅಂತ ನಿಂತೆ. ಅಂಗಡಿಯವನು ಕುರ್ಚಿ ಎಳೆದುಕೊಂಡು ಕೂತ.

ನನ್ನ ವಾದ ಇಷ್ಟು. ಮುಂದಿನ ಹಾಯಿ ಒಂದು ಸಲ ಏರಿಸಿದರೆ ತಿಂಗಳುಗಟ್ಟಲೆ ಇಳಿಸುವುದಿಲ್ಲ, ನಿಂತಲ್ಲೇ ಸುತ್ತಿ ಇಡುತ್ತಾರೆ. ಅದಕ್ಕೆ ಹಿಗ್ಗದ ಹಗ್ಗವೇ ಇರಲಿ. ದೊಡ್ಡ ಹಾಯಿ ದಿನಾ ಏರುತ್ತದೆ, ದಿನಾ ಇಳಿಯುತ್ತದೆ. ಅದನ್ನು ಎಳೆಯುವುದು ಲಾರಿಯಲ್ಲ, ಕೈ. ಕೈಗೆ ತುಂಬುವಷ್ಟು ದಪ್ಪ ಬೇಕು, ಒದ್ದೆಯಾದರೂ ಜಾರಬಾರದು. ಆಮೇಲೆ ಅದು ನಡುನೀರಲ್ಲಿ ಕೆಟ್ಟರೆ ಯಾರು ಸರಿ ಮಾಡುತ್ತಾರೆ? ಹೊಸ ನೂಲಿಗೆ ಟೊಳ್ಳು ಸೂಜಿ ಬೇಕು, ಅಳತೆಪಟ್ಟಿ ಬೇಕು, ಪುಸ್ತಕ ಬೇಕು. ಮೂರೆಳೆಗೆ ಒಂದು ಮರದ ದಬ್ಬಳ ಮತ್ತು ಹತ್ತು ಬೆರಳು ಸಾಕು. ಮಗಳು ಅಂದಳು, ‘ಹಂಗಾದ್ರೆ ದೊಡ್ಡದಕ್ಕೆ ಮೂರೆಳೆ. ಆದ್ರೆ ಹೊರಡೋ ಮುಂಚೆ ಆ ಹತ್ತು ಬೆರಳಿಗೆ ನೀನು ಕಲಿಸಬೇಕು.’ ಬೆಸುಗೆ ಕಿಡಿಗೆ ಸುಟ್ಟ ಬೆರಳುಗಳನ್ನು ನನ್ನ ಮುಂದೆ ಹರಡಿದಳು.

ಮೂರೆಳೆಯಾ, ಅದನ್ನ ಈಗ ಯಾರು ಕೇಳ್ತಾರೆ ಅಂತ ಗೊಣಗುತ್ತ ಅಂಗಡಿಯವನು ಕೆಳಗಿನ ಹಲಗೆಯಿಂದ ಧೂಳು ಹಿಡಿದ ಸುರುಳಿ ಎಳೆದ. ಮೊದಲೇ ಜಗ್ಗಿ ಹದ ಮಾಡಿದ ಪಾಲಿಯೆಸ್ಟರು, ಅಷ್ಟಾಗಿ ಹಿಗ್ಗುವುದಿಲ್ಲ. ಮೂಸಿ ನೋಡಿದೆ. ಅದೇ ವಾಸನೆ ಅಕ್ಕಾ, ಹೊಸ ಛತ್ರಿ ಬಿಚ್ಚಿದ ಹಾಗೆ. ಕಂಬ ಹತ್ತಿ ಇಳಿಯಲು ಇಪ್ಪತ್ತೆರಡು ಮೀಟರ್, ಕೈಗೆ ಮೂರು, ಸವೆತಕ್ಕೆ ಒಂದು ಅಂತ ಲೆಕ್ಕ ಹಾಕಿ ಇಪ್ಪತ್ತಾರು ಕತ್ತರಿಸಲು ಹೇಳಿದೆ. ಸವೆತಕ್ಕೆ ಯಾಕೆ ಅಂದ. ರಾಟೆಯ ಮೇಲೆ ವರ್ಷಗಟ್ಟಲೆ ಒಂದೇ ಜಾಗ ಕೂತರೆ ಆ ಜಾಗ ಸಾಯುತ್ತದೆ, ವರ್ಷಕ್ಕೊಂದು ಗೇಣು ತುದಿ ಕತ್ತರಿಸಿ ಹೊಸ ಕಣ್ಣು ಹೆಣೆದರೆ ಬೇರೆ ಜಾಗ ಕೂರುತ್ತದೆ ಅಂದೆ. ಅವನು ಆಂಟಿ ಅನ್ನುವುದು ಬಿಟ್ಟು ಮೇಡಂ ಅಂದ. ಕಣ್ಣು ನಾವೇ ಯಂತ್ರದಲ್ಲಿ ಹೊಲಿದು ಕೊಡ್ತೀವಿ ಮೇಡಂ ಅಂದ. ಬೇಡ ಅಂತ ಅಮ್ಮ ಮಗಳು ಒಟ್ಟಿಗೆ ಅಂದೆವು.

ಆ ಸುರುಳಿ ಹೆಗಲಿಗೆ ಹಾಕಿಕೊಂಡು ನಡೆಯುವಾಗ ಹೆಣಿಗೆ ಕೋಣೆ ಪೂರ್ತಿ ನನ್ನ ಜೊತೆ ನಡೆದು ಬಂತು. ಹನ್ನೊಂದು ಮಂದಿ, ಹನ್ನೊಂದು ಸ್ಟೂಲು, ಮುಚ್ಚಿದ ಕಿಟಕಿ. ಮೂಲೆಯ ಸ್ಟೂಲು ನಿನ್ನದು, ಪಕ್ಕದ್ದು ನನ್ನದು. ಸೆಣಬು ಹೋಗಿ ಪಾಲಿಯೆಸ್ಟರು ಬಂದಾಗ ಮೊದಲು ಅಪಾಯ ಗುರುತಿಸಿದವಳು ನೀನು. ಸೆಣಬು ಒರಟು, ಮೂರು ಹೆಣಿಕೆಗೇ ಕಚ್ಚಿಕೊಳ್ಳುತ್ತದೆ. ಇದು ಮೀನಿನ ಹಾಗೆ ಜಾರುತ್ತದೆ, ಐದಾದರೂ ಬೇಕು. ಆಫೀಸಿನಲ್ಲಿ ಕೇಳಿದರೆ ಐದು ಹೆಣೆಯಿರಿ, ಸಮಯ ಮಾತ್ರ ಮೂರರದ್ದೇ, ಪಾಳಿಗೆ ಮೂವತ್ತು ಕಣ್ಣು ಅಂದರು. ಗೇಟು ಸಭೆಯಲ್ಲಿ ನೀನು ಡ್ರಮ್ಮಿನ ಮೇಲೆ ಹತ್ತಿ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಸೆಣಬಿಗೆ ಮೂರು! ಪಾಲಿಯೆಸ್ಟರಿಗೆ ಐದು! ದಾರಿಯಲ್ಲಿ ಹೋಗುವವರಿಗೆ ತಲೆಬುಡ ತಿಳಿಯಲಿಲ್ಲ. ಇದೇನು ಹಗ್ಗ ಮಾರೋ ಜಾಹೀರಾತಾ ಅಂತ ಒಬ್ಬ ಕೇಳಿದ. ಜೀವ ಉಳಿಸೋ ಜಾಹೀರಾತು, ಬಾ ನಿಂತ್ಕೋ ಅಂದೆ ನೀನು. ಅವನು ಸಭೆ ಮುಗಿಯುವವರೆಗೆ ನಿಂತ.

ದಾರದ ಉಪಾಯವೂ ನಿನ್ನದೇ. ಹೆಣೆದ ಪ್ರತಿ ಕಣ್ಣಿನ ಕೊನೆಯ ಹೆಣಿಕೆಯೊಳಗೆ, ಹೊರಗೆ ಕಾಣದ ಹಾಗೆ, ಒಬ್ಬೊಬ್ಬಳೂ ತನ್ನ ಬಣ್ಣದ ಹೊಲಿಗೆ ದಾರದ ತುಂಡು ಇಡಬೇಕು. ನಮ್ಮ ಹಗ್ಗದ ಮೇಲೆ ಯಾರದೋ ಜೀವ ತೂಗುತ್ತೆ, ಯಾರ ಕೈಯದು ಅಂತ ನಮಗಾದ್ರೂ ಗೊತ್ತಿರಲಿ, ಮಾಲೀಕನಿಗೆ ಬೇಡ, ನಮಗೆ ಬೇಕು ಅಂದೆ. ನಿನಗೆ ಕೆಂಪು, ನನಗೆ ಹಳದಿ, ಸಂಘದ ಕಾರ್ಯದರ್ಶಿಗೆ ನೀಲಿ. ಕೊನೆಗೆ ಹೆಸರೇ ಮರೆತು ಹೋಗಿ ನೀನು ಕೆಂಪಕ್ಕ, ನಾನು ಹಳದಿ, ಅವಳು ನೀಲಕ್ಕ. ಸಂಘದ ನಿಯಮಗಳ ಕೊನೆಗೆ ನೀನೇ ಒಂದು ಸಾಲು ಸೇರಿಸಿದೆ: ಯಾರ ಕೈ ತಪ್ಪಿತೋ ಅವಳು ಎದ್ದು ನಿಂತು ಹೇಳಬೇಕು.

ಗುರುವಾರ ಹಳೇ ಹಗ್ಗ ಇಳಿಸಿದೆವು. ಬುಡದ ಕಡೆಯ ತುದಿಗೆ ಸಪೂರ ದಾರದ ತುದಿ ಸೇರಿಸಿ, ಆಮೇಲೆ ಹಾಯಿಯ ಕಡೆಯಿಂದ ಎಳೆಯಬೇಕು. ಹಗ್ಗ ಹೊರಗೆ ಬರುತ್ತದೆ, ಅದರ ದಾರಿಯಲ್ಲಿ ದಾರ ಉಳಿಯುತ್ತದೆ. ಮುಂದೆ ಆ ದಾರವೇ ಹೊಸ ಹಗ್ಗವನ್ನು ಎಳೆದು ತರುತ್ತದೆ. ಮಗಳು ಗಂಟು ಹಾಕಲು ಹೋದಳು. ಗಂಟು ರಾಟೆಗೆ ಸಿಕ್ಕಿಕೊಳ್ಳುತ್ತದೆ, ತುದಿಗೆ ತುದಿ ಇಟ್ಟು ಹೊಲಿ ಅಂದೆ. ಹೊಲಿದಳು. ನಾನು ಎಳೆದೆ, ಅವಳು ದಾರ ಬಿಟ್ಟಳು. ಕಂಬದೊಳಗೆ ಸರಸರ ಸದ್ದು. ಎಷ್ಟೋ ವರ್ಷ ಕೂತಿದ್ದ ಹಗ್ಗ ನನ್ನ ಮಡಿಲಿಗೆ ಬಂತು.

ಕಣ್ಣನ್ನು ಬಿಡಿಸಲು ಒಂದು ಗಂಟೆ ಹಿಡಿಯಿತು. ಬಿಡಿಸಿದ್ದು ನಿನ್ನ ದಬ್ಬಳದಿಂದಲೇ. ಮರದ ಹಿಡಿಯ ಹತ್ತಿರ ನಿನ್ನ ಹೆಬ್ಬೆರಳು ಸವೆಸಿದ ಗುಳಿ ಇನ್ನೂ ಇದೆ, ಅದರ ಮೇಲೆ ನನ್ನದೂ ಸವೆದಿದೆ. ಒಂದು ಹೆಣಿಕೆ ಬಿಚ್ಚಿದೆ, ಎರಡು, ಮೂರು, ನಾಲ್ಕು. ಐದು ಹೆಣಿಕೆ. ಕೊನೆಯದರ ಹೊಟ್ಟೆಯಲ್ಲಿ ಕೆಂಪು ದಾರ. ಹೊರಗೆ ಹಗ್ಗವೆಲ್ಲ ಬೂದಿ ಬಣ್ಣಕ್ಕೆ ತಿರುಗಿದೆ, ಅದು ಮಾತ್ರ ನೀನು ಈಗ ತಾನೇ ಹಲ್ಲಲ್ಲಿ ಕಚ್ಚಿ ಕತ್ತರಿಸಿ ಇಟ್ಟ ಹಾಗಿತ್ತು.

ಯಾರದಮ್ಮ ಇದು ಅಂತ ಮಗಳು ಕೇಳಿದಳು. ಹೇಳಿದೆ. ಅವಳು ದಾರವನ್ನು ಅಂಗೈಯಲ್ಲಿಟ್ಟು ನೋಡಿದಳು. ‘ಈ ಕೈಯವರೇ ನನ್ನ ಹಗ್ಗಕ್ಕೂ ಕಣ್ಣು ಹೆಣೀಲಿ ಅಮ್ಮ. ಇದ್ದಾರಾ?’

ಇದ್ದಾಳೆ ಅಂದೆ. ಆಮೇಲೆ ಅವಳು ಕೇಳಬಾರದ್ದು ಕೇಳಿದಳು. ‘ಇಷ್ಟು ಚೆನ್ನಾಗಿ ಮಾಡೋರು ಯಾಕೆ ಬಿಟ್ಟು ಹೋದ್ರು?’

ಎಲ್ಲರಿಗೂ ಗೊತ್ತಿರುವ ಕಥೆಯನ್ನೇ ಹೇಳಿದೆ. ನೆನಪು ಮಾಡುವುದು ನಿನಗೂ ನೋವು, ಆದರೂ ಬರೆಯುತ್ತೇನೆ. ಮೂವತ್ತು ಮುಗಿಯದಿದ್ದರೂ ಸರಿ, ಐದೇ ಹೆಣೆಯುತ್ತೇವೆ ಅಂತ ಎಲ್ಲರೂ ಪಣ ತೊಟ್ಟು ಎರಡು ತಿಂಗಳಾಗಿತ್ತು. ಒಂದು ದೊಡ್ಡ ದೋಣಿಯಲ್ಲಿ ಹಾಯಿ ಏರಿಸುವಾಗ ಏರುಹಗ್ಗದ ಕಣ್ಣು ಜಾರಿತು. ಹಾಯಿಯ ನೆತ್ತಿಗೆ ಕಟ್ಟಿದ್ದ ಮರದ ದಿಂಡು ಬಿದ್ದು ಹಗ್ಗ ಎಳೆಯುತ್ತಿದ್ದವನ ಹೆಗಲು ಮುರಿಯಿತು. ನಮ್ಮ ಹಾಗೇ ದುಡಿದು ತಿನ್ನುವವನು. ಅವನ ಬಲಗೈ ಮತ್ತೆ ಮೇಲೆ ಏಳಲೇ ಇಲ್ಲ. ಅವನ ಅಣ್ಣ ಆ ಹಗ್ಗವನ್ನು ಮಾಲೀಕನ ಹತ್ತಿರ ಒಯ್ಯಲಿಲ್ಲ. ನೇರ ಸಂಘದ ಕೋಣೆಗೆ ತಂದು ಮೇಜಿನ ಮೇಲಿಟ್ಟ. ಇದು ನಿಮ್ಮ ಕೈಕೆಲಸ ತಾನೇ, ನೀವೇ ನೋಡಿ ಅಂದ. ಬಿಚ್ಚಿಕೊಳ್ಳದೆ ಉಳಿದಿದ್ದ ಭಾಗವನ್ನು ನೀಲಕ್ಕ ಬಿಡಿಸಿದಳು. ಒಳಗೆ ಮೂರೇ ಹೆಣಿಕೆ. ಮೇಲಿಂದ ನೋಡಿದರೆ ಐದರಷ್ಟು ಉದ್ದ ಕಾಣಲಿ ಅಂತ ದಾರ ಬಿಗಿದು ಸುತ್ತಿದ್ದರು. ಮೂರನೇ ಹೆಣಿಕೆಯಲ್ಲಿ ಕೆಂಪು ದಾರ.

ಹತ್ತು ಮಂದಿ ನಿನ್ನನ್ನು ನೋಡಿದೆವು. ಡ್ರಮ್ಮಿನ ಮೇಲೆ ಹತ್ತಿ ಕೂಗಿದವಳೇ ಹೀಗಾ ಅಂತ ಯಾರೋ ಅಂದರು. ನೀನು ಒಂದು ಮಾತೂ ಆಡಲಿಲ್ಲ. ದಬ್ಬಳ ಮೇಜಿನ ಮೇಲಿಟ್ಟು ಎದ್ದು ಹೋದೆ. ವಾರದೊಳಗೆ ಊರೇ ಬಿಟ್ಟೆ. ನಿನ್ನ ಹಿಂದೆ ಐದರ ಪಣವೂ ಹೋಯಿತು. ಕೆಂಪಿಯೇ ಮೂರು ಹೆಣೆದ ಮೇಲೆ ನಮಗೇನು ಅಂತ ಎಲ್ಲರೂ ಮೂರಕ್ಕೆ ಇಳಿದರು. ಮಕ್ಕಳ ಕೋಣೆಯ ಬೇಡಿಕೆ, ಕಿಟಕಿಯ ಬೇಡಿಕೆ, ಕುರ್ಚಿಯ ಬೇಡಿಕೆ, ಎಲ್ಲ ಆ ಮೇಜಿನ ಮೇಲೆಯೇ ಸತ್ತವು. ಮಾಲೀಕ ಒಂದು ಬೆರಳೂ ಎತ್ತಬೇಕಾಗಲಿಲ್ಲ.

ಈಗ ಕಂಬದೊಳಗೆ ಸಪೂರ ದಾರ ಒಂದೇ ಇದೆ. ಗಾಳಿ ಬಂದರೆ ಒಳಗೋಡೆಗೆ ಬಡಿದು ಟಿಕ್ ಟಿಕ್ ಅನ್ನುತ್ತದೆ. ಹೊಸ ಹಗ್ಗ ಸುರುಳಿಯಾಗಿ ದೋಣಿಯ ಬೆಂಚಿನ ಮೇಲೆ ಕೂತಿದೆ. ಮುಂದಿನ ಹಾಯಿಯ ಹಗ್ಗ ಹಾಕಿ ಆಯಿತು, ಹೆಚ್ಚುವರಿಯದೂ ಆಯಿತು. ದೊಡ್ಡದಕ್ಕೆ ಮಾತ್ರ ಕಣ್ಣಿಲ್ಲ. ನಾನು ಹೆಣೆಯುವುದಿಲ್ಲ ಅಂದೆ. ಬೆರಳು ಮಡಚುವುದಿಲ್ಲ ಅನ್ನುವುದು ಒಂಬತ್ತು ಗಂಟೆಯವರೆಗೆ ಮಾತ್ರ ನಿಜ, ಅದು ಮಗಳಿಗೂ ಗೊತ್ತು.

ನೀನು ಬಾ ಅಕ್ಕಾ. ಈ ಭಾನುವಾರ ಬಾ. ಬೆಳಗಿನ ಮೊದಲ ಬಸ್ಸು ಹಿಡಿದರೆ ಹತ್ತಕ್ಕೆಲ್ಲ ಇಲ್ಲಿರುತ್ತೀಯ, ನಿಲ್ದಾಣಕ್ಕೆ ಮಗಳು ಬರುತ್ತಾಳೆ, ಕೈಯ ಮೇಲೆ ಸುಟ್ಟ ಕಲೆಗಳಿರುವ ಎತ್ತರದ ಹುಡುಗಿ. ಬರಿಗೈಯಲ್ಲಿ ಬಾ, ದಬ್ಬಳ ಇಲ್ಲೇ ಇದೆ, ಕೆಂಪು ದಾರದ ಉಂಡೆಯೂ ತಂದಿಟ್ಟಿದ್ದೇನೆ. ಕಣ್ಣು ಹೆಣೆದ ಮೇಲೆ ಹಾಯಿ ಏರಿಸಿ, ಗಾಳಿ ಒಪ್ಪಿದರೆ, ಮಾಲೀಕ ನಮಗೆ ಕೊಡುತ್ತೇನೆ ಅಂದು ಕೊಡದೆ ಹೋದ ಆ ಒಂದು ಸುತ್ತನ್ನು ನನ್ನ ಮಗಳು ಕೊಡುತ್ತಾಳೆ. ಬೆನ್ನು ಆನಿಸಲು ಹಿಂಬದಿಯಿರುವ ಬೆಂಚೂ ಇದೆ, ಅವಳೇ ಬೆಸೆದದ್ದು.

ನಿನ್ನ ಮಕ್ಕಳು ಮೊಮ್ಮಕ್ಕಳು ನೂರು ಕಾಲ ಬಾಳಲಿ. ಅವರ ಕೈಗೆ ನ್ಯಾಯವಾದ ಕೆಲಸ ಸಿಗಲಿ, ಆ ಕೆಲಸಕ್ಕೆ ತಕ್ಕ ಸಮಯ ಸಿಗಲಿ. ನೀನು ದೊಡ್ಡವಳು, ನನ್ನ ಮಗಳ ತಲೆಯ ಮೇಲೆ ಕೈಯಿಟ್ಟು ಹರಸು. ನನ್ನನ್ನು ಹರಸು ಅಂತ ಕೇಳುವುದಿಲ್ಲ.

ನಿನ್ನ
ಹಳದಿ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು:

ಜಾರಿದ ಆ ಕಣ್ಣು ಹೆಣೆದವಳು ನಾನು.

ನಿನಗೆ ಅದು ಅವತ್ತೇ ಗೊತ್ತಿತ್ತು. ಆ ವಾರ ನನ್ನ ಹಳದಿ ದಾರ ಮುಗಿದಿತ್ತು. ನಿನ್ನ ಡಬ್ಬಿಯಿಂದ ಕೆಂಪು ಉಂಡೆ ಮುರಿದು ಅರ್ಧ ನನ್ನ ಕೈಗಿಟ್ಟು, ‘ತಗೋ ಹುಡುಗಿ, ಶನಿವಾರದ ತನಕ ನಾವಿಬ್ರೂ ಒಂದೇ ಬಣ್ಣ’ ಅಂದೆ ನೀನು. ಮೂವತ್ತು ಕಣ್ಣು ಮುಗಿಸಿದವರನ್ನು ಗಡಿಯಾರ ಮೇಸ್ತ್ರಿ ಹತ್ತು ನಿಮಿಷ ಮೊದಲು ಬಿಡುತ್ತಿದ್ದ. ನನ್ನ ಮಗು ಪಕ್ಕದ ಮನೆಯಲ್ಲಿ ಅಳುತ್ತಿತ್ತು, ನನ್ನ ರವಿಕೆ ಹಾಲಿಂದ ಒದ್ದೆಯಾಗುತ್ತಿತ್ತು. ಹನ್ನೊಂದು ದಿನ ಮೂರು ಹೆಣೆದೆ, ಮೇಲೆ ದಾರ ಸುತ್ತಿದೆ, ಹತ್ತು ನಿಮಿಷ ಮೊದಲು ಓಡಿದೆ. ಎಷ್ಟು ಹೆಣೀತಿದೀಯ ಅಂತ ನೀನು ಕೇಳಿದಾಗೆಲ್ಲ ಐದು ಅಂದೆ. ಕಟ್ಟದ ಆ ಕೋಣೆಯ ಮೇಲೆ ತಪ್ಪು ಹೊರಿಸಿ ನಾನು ಇಷ್ಟು ವರ್ಷ ಬದುಕಿದೆ. ಕೋಣೆ ಕಟ್ಟದ್ದು ಅವರ ತಪ್ಪು. ಮೂರು ಹೆಣೆದದ್ದು ನನ್ನದು. ಬಾಯಿ ಮುಚ್ಚಿಕೊಂಡದ್ದಂತೂ ಪೂರ್ತಿ ನನ್ನದು.

ಸಂಘದ ಕೋಣೆಯಲ್ಲಿ ಎದ್ದು ಹೋಗುವ ಮುಂಚೆ ನೀನು ಒಂದೇ ಸಲ ನನ್ನ ಕಡೆ ನೋಡಿದೆ. ನಾನು ಎಡಗೈಯ ಬೆರಳುಚೀಲದ ಹೊಲಿಗೆ ನೋಡುತ್ತಿದ್ದೆ. ನೀನು ಎಷ್ಟು ಹೊತ್ತು ಕಾದೆ ಅಂತ ನನಗೆ ಗೊತ್ತು, ಆ ಹೊಲಿಗೆಯಲ್ಲಿ ಹದಿನಾಲ್ಕು ಟಾಕು ಇದ್ದವು, ಎರಡು ಸಲ ಎಣಿಸಿದ್ದೆ.

ನಿನ್ನೆ ಮಗಳಿಗೆ ಹೇಳಿದೆ. ಆ ಹತ್ತು ನಿಮಿಷ ನನ್ನ ಹತ್ತಿರ ಬರೋಕಾ ಅಂದಳು. ಹೂಂ ಅಂದೆ. ಎದ್ದು ಅಂಗಳಕ್ಕೆ ಹೋದವಳು ಸಂಜೆಗೆ ಬಂದಳು. ಆಮೇಲೆ ಬಾಗಿಲಲ್ಲಿ ನಿಂತು ಅಂದಳು, ‘ಆ ದೊಡ್ಡಮ್ಮನಿಗೆ ಬರಿ. ಎಲ್ಲರ ಮುಂದೆ ಹೇಳು. ಅಲ್ಲಿವರೆಗೆ ನನ್ನ ಕಂಬಕ್ಕೆ ಹಗ್ಗ ಏರಲ್ಲ.’

ಹನ್ನೊಂದರಲ್ಲಿ ಉಳಿದಿರುವವರು ನಿನ್ನನ್ನೂ ನನ್ನನ್ನೂ ಸೇರಿಸಿ ಏಳು. ನೀಲಕ್ಕನಿಗೂ ಉಳಿದ ನಾಲ್ವರಿಗೂ ಇವತ್ತೇ ಚೀಟಿ ಕಳಿಸಿದ್ದೇನೆ. ಹೆಗಲು ಮುರಿದವನು ಇನ್ನೂ ಇದ್ದಾನೆ, ಅವನ ಮನೆಗೆ ನಾಳೆ ನಾನೇ ಹೋಗುತ್ತೇನೆ. ಚೀಟಿಯಲ್ಲಿ ಹಳೇ ಪದ್ಧತಿಯಂತೆ ಬರೆದಿದ್ದೇನೆ. ವಿಷಯ: ಕೆಂಪು ದಾರ. ಎದ್ದು ನಿಂತು ಮಾತಾಡುವವಳು: ಹಳದಿ. ನೀನು ಬಂದರೂ ಬಾರದಿದ್ದರೂ ನಾನು ಎದ್ದು ನಿಲ್ಲುತ್ತೇನೆ. ಆದರೆ ಮೊದಲ ಸ್ಟೂಲು ಖಾಲಿ ಇಟ್ಟಿರುತ್ತೇನೆ.

ಭಾನುವಾರ, ಬೆಳಿಗ್ಗೆ ಹತ್ತೂವರೆ ಗಂಟೆಗೆ, ದೋಣಿ ರಿಪೇರಿ ಅಂಗಳದಲ್ಲಿ, ಹಗ್ಗವಿಲ್ಲದ ಕಂಬದ ಕೆಳಗೆ.